ಮಾತಾದ ಮೇಲಿನ ನೋಟ

ಅವನು ಹೇಳಿದ್ದರಲ್ಲಿ ಯಾವುದು ತಮಾಷೆ, ಯಾವುದು ನಿಜ ಎಂದು ತಿಳಿಯಲು ಅವಳಿಗಿದ್ದದ್ದು ಒಂದೇ ದಾರಿ. ಮಾತು ಮುಗಿದ ಮೇಲೆ ಅವನು ಅವಳ ಕಡೆ ನೋಡಿದರೆ ತಮಾಷೆ. ನೋಡದಿದ್ದರೆ ನಿಜ.

ವೇದಿಕೆಯ ಮೇಲೆ ಒಬ್ಬನೇ ನಿಂತು ಜನರನ್ನು ನಗಿಸುವುದು ಅವನ ಕಸುಬು. ಮೊದಮೊದಲು ಎಲ್ಲಿ ಕರೆದರೂ ಕಾಸಿಲ್ಲದೆ ಹೋಗಿ ಮಾತಾಡಿ ಬರುತ್ತಿದ್ದುದರಿಂದ ಗೆಳೆಯರ ಬಾಯಲ್ಲಿ ‘ಪುಗಸಟ್ಟೆ’ ಆಗಿದ್ದ. ಆಮೇಲೆ ಜನ ಟಿಕೆಟ್ ಕೊಂಡು ಬರತೊಡಗಿದರೂ ಹೆಸರು ಮಾತ್ರ ಹಾಗೇ ಅಂಟಿಕೊಂಡಿತು. ಹೊಸ ತಮಾಷೆ ಹುಟ್ಟಿದರೆ ಅದನ್ನು ಮೊದಲು ಮನೆಯಲ್ಲಿ ಹೆಂಡತಿಗೆ ಹೇಳಿ ನೋಡಬೇಕು. ಅದೂ ‘ಇದೊಂದು ಜೋಕು, ಕೇಳು’ ಎಂದು ಹೇಳಿ ಅಲ್ಲ. ಹಾಗೆ ಹೇಳಿದರೆ ಕೇಳುವವರು ನಗಲು ತಯಾರಾಗಿ ಕೂತುಬಿಡುತ್ತಾರಂತೆ, ಅದು ಮೋಸವಂತೆ. ಆದ್ದರಿಂದ ಬಟ್ಟೆ ಒಣಹಾಕುವಾಗಲೋ, ಬಲ್ಬು ಬದಲಾಯಿಸುವಾಗಲೋ ಸುದ್ದಿ ಹೇಳುವವನ ಹಾಗೆ ಹೇಳಿಬಿಡುತ್ತಿದ್ದ.

“ಕೆಳಗಿನ ಮನೆಯವರು ನಮ್ಮ ಕಾಲ್ ಸಪ್ಪಳ ಜಾಸ್ತಿ ಅಂತ ದೂರು ಕೊಟ್ಟಿದ್ರು. ಹೋಗಿ ಮಾತಾಡ್ದೆ. ಸಪ್ಪಳ ಪರವಾಗಿಲ್ಲ, ತಾಳ ತಪ್ಪುತ್ತೆ ಅಂದ್ರು.”

ಹೇಳಿ ಅರೆಗಳಿಗೆ ಕಣ್ಣಂಚಿನಿಂದ ಅವಳ ಮುಖ ನೋಡುತ್ತಿದ್ದ. ತುಟಿಯ ಮೂಲೆ ಒಂದಿಷ್ಟು ಅಲುಗಿದರೂ ಸಾಕು, ಆ ತಮಾಷೆ ಶನಿವಾರದ ಪ್ರದರ್ಶನಕ್ಕೆ ಪಾಸು. ಅವನ ಅಮ್ಮ ಕೂಡ ಅದೇ ಮನೆಯಲ್ಲಿದ್ದರು. ಆದರೆ ಆಕೆ ಟಿವಿಯಲ್ಲಿ ಹವಾಮಾನ ವರದಿ ಬಂದರೂ ನಗುವವರು. ಅವರನ್ನು ನಂಬಿ ವೇದಿಕೆ ಹತ್ತಿದರೆ ದೇವರೇ ಗತಿ.

ಆ ನೋಟ ಅವಳಿಗೆ ಎಷ್ಟೋ ಸಲ ಕಿರಿಕಿರಿ ಮಾಡಿತ್ತು. ಹೆಂಡತಿಯೋ, ತಕ್ಕಡಿಯೋ ಎಂದು ರೇಗಿದ್ದೂ ಉಂಟು. ಆದರೆ ಅದರಿಂದ ಉಪಕಾರವೂ ಇತ್ತು. ಒಮ್ಮೆ ಅವಳು ಕೆಲಸ ಮಾಡುವ ಆಸ್ಪತ್ರೆಗೆ ಬಂದು, ಗೋಡೆಯ ಕಡೆ ಮುಖ ಮಾಡಿ, “ಅಮ್ಮ ಬಚ್ಚಲಲ್ಲಿ ಜಾರಿ ಬಿದ್ರು” ಎಂದ. ತಿರುಗಿ ನೋಡಲಿಲ್ಲ. ಅವಳು ಮರುಮಾತಾಡದೆ ಚೀಲ ಎತ್ತಿಕೊಂಡು ಹೊರಟಳು. ಬೇರೆ ಹೆಂಡತಿಯಾಗಿದ್ದರೆ ‘ಹೌದಾ? ನಿಜವಾ? ಯಾವಾಗ?’ ಎಂದು ಹತ್ತು ಪ್ರಶ್ನೆ ಕೇಳುತ್ತಿದ್ದಳು.

ಸಿನಿಮಾದ ಸುದ್ದಿಯನ್ನೂ ಅವನು ಹಾಗೇ ಹೇಳಿದ. ಬೆಳಿಗ್ಗೆ ಹಲ್ಲುಜ್ಜುತ್ತಾ, ಬಾಯಿ ತುಂಬ ನೊರೆ ಇಟ್ಟುಕೊಂಡು, “ನಂಗೆ ಸಿನಿಮಾದಲ್ಲಿ ಪಾರ್ಟು ಸಿಕ್ಕಿದೆ. ದೊಡ್ಡದು” ಎಂದವನು ಉಗಿದು, ಮುಖ ತೊಳೆದು, ಟವೆಲ್ಲಿಗೆ ಕೈಚಾಚಿದ. ನೋಡಲಿಲ್ಲ. ಅಂದರೆ ನಿಜ. ಖುಷಿಯೂ ಆಯಿತು, ಇಲ್ಲವೆಂದಲ್ಲ. ಆದರೆ ಮೊದಲು ಆದದ್ದು ಭಯ.

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನು ಮಾತಾಡುತ್ತಿದ್ದ ಹಾಲಿಗೆ ಒಬ್ಬ ನಿರ್ದೇಶಕಿ ಬಂದು, ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದರಂತೆ. ಅವರ ಸಿನಿಮಾದಲ್ಲಿ ಒಬ್ಬ ಸಿಟಿ ಬಸ್ಸಿನ ಡ್ರೈವರ್. ಮನೆ ಬಿಟ್ಟುಹೋದ ಮಗನನ್ನು ಹುಡುಕುತ್ತ ಅದೇ ದಾರಿಯಲ್ಲಿ ದಿನಾ ಬಸ್ಸು ಓಡಿಸುತ್ತಾನೆ, ಒಂದೊಂದು ಸ್ಟಾಪಿನಲ್ಲೂ ಹತ್ತುವವರ ಮುಖ ನೋಡುತ್ತಾನೆ. “ಅಳೋ ಮುಖಗಳು ಬೇಕಾದಷ್ಟು ಸಿಗ್ತವೆ. ನನಗೆ ನಗಿಸಿ ನಗಿಸಿ ಸುಸ್ತಾದ ಮುಖ ಬೇಕಿತ್ತು” ಎಂದರಂತೆ. ಇದಕ್ಕೆ ಸಂತೋಷಪಡಬೇಕೋ ಬೇಸರಪಡಬೇಕೋ ಅವನಿಗೆ ಗೊತ್ತಾಗಲಿಲ್ಲ.

ಹಾಲು ನಡೆಸುತ್ತಿದ್ದವನನ್ನು ಎಲ್ಲರೂ ಮೈಕಣ್ಣ ಎನ್ನುತ್ತಿದ್ದರು. ಅವನು ಪುಗಸಟ್ಟೆಯನ್ನು ಅಪ್ಪಿಕೊಂಡು ಹಾರೈಸಿದ. ಹಾರೈಸುತ್ತಲೇ, “ಶನಿವಾರ ಖಾಲಿ ಇಡಕ್ಕಾಗಲ್ಲಪ್ಪಾ, ಬೇಜಾರ್ ಮಾಡ್ಕೋಬೇಡ” ಎಂದು ಮಾತಾಡುವ ಗೊಂಬೆ ಆಡಿಸುವ ಒಬ್ಬಾಕೆಗೆ ಆ ದಿನವನ್ನು ಕೊಟ್ಟುಬಿಟ್ಟ. ಎರಡೇ ವಾರಕ್ಕೆ ಗೊಂಬೆಯಾಕೆಯ ಪ್ರದರ್ಶನಕ್ಕೆ ಜನ ಮೆಟ್ಟಿಲ ಮೇಲೂ ನಿಲ್ಲತೊಡಗಿದರು. ಅಂದರೆ ಸಿನಿಮಾ ಕೈಕೊಟ್ಟರೆ ಅವನು ಮರಳಿ ಬಂದು ನಿಲ್ಲಲು ಜಾಗವೇ ಇರಲಿಲ್ಲ. ಇದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

ಶೂಟಿಂಗ್ ಶುರುವಾಗಿ ಸ್ವಲ್ಪ ದಿನಕ್ಕೆ ನಿರ್ದೇಶಕಿಯಿಂದ ಅವಳಿಗೇ ಫೋನ್ ಬಂತು. “ನೀವೊಂದ್ಸಲ ಸೆಟ್ಟಿಗೆ ಬಂದು ಹೋಗ್ತೀರಾ? ಅವರಿಗೆ ಹೇಳೋದು ಬೇಡ.” ಮೆಲುದನಿಯ ಹೆಂಗಸು. ಆ ದನಿ ಕೇಳಿಯೇ ಅವಳಿಗೆ ಹೆದರಿಕೆಯಾಯಿತು. ಕೂಗಾಡುವವರಾದರೆ ಹೇಗೋ ನಿಭಾಯಿಸಬಹುದು.

ಸೆಟ್ಟೆಂದರೆ ದೊಡ್ಡ ಗೋಡೌನಿನೊಳಗೆ ಪ್ಲೈವುಡ್ಡಿನಲ್ಲಿ ಕಟ್ಟಿದ ಒಂದು ಮನೆ. ಡ್ರೈವರನ ಮನೆ. ಮುಂದಿನಿಂದ ನೋಡಿದರೆ ಸೋಫಾ, ಬೀರು, ಗೋಡೆಗೆ ತೂಗುಹಾಕಿದ ಮಗನ ಫೋಟೋ. ಹಿಂದೆ ಹೋದರೆ ಮರದ ಪಟ್ಟಿ, ಮೊಳೆ, ನೆಲದ ತುಂಬ ಹಾವಿನಂತೆ ವೈರು. ನಿರ್ದೇಶಕಿ ಅವಳನ್ನು ಹಿಂಬದಿಯಿಂದ ಕರೆದುಕೊಂಡು ಹೋಗಿ, ಟಿವಿಯಂಥ ಪೆಟ್ಟಿಗೆಯ ಮುಂದೆ ಕೂರಿಸಿ ಹಿಂದಿನ ದಿನದ ದೃಶ್ಯ ಹಾಕಿ ತೋರಿಸಿದರು.

ಖಾಕಿ ಅಂಗಿಯಲ್ಲಿ ತನ್ನ ಗಂಡ. ಮಾತು ಚೆನ್ನಾಗಿತ್ತು, ದನಿ ಚೆನ್ನಾಗಿತ್ತು. ಆದರೆ ಒಂದೊಂದು ಮಾತು ಮುಗಿದ ಕೂಡಲೇ ಕಣ್ಣು ಪಕ್ಕಕ್ಕೆ ಹೊರಳುತ್ತಿತ್ತು. ಅರೆಗಳಿಗೆ, ಅಷ್ಟೆ. ಮನೆಯಲ್ಲಿ ಅದು ಕಂಡೂ ಕಾಣದಂಥ ನೋಟ. ಇಲ್ಲಿ ಪೆಟ್ಟಿಗೆಯ ತುಂಬ ಬರೀ ಮುಖವೇ ಇದ್ದಾಗ ಅದು ಇಡೀ ದೃಶ್ಯವನ್ನೇ ನುಂಗುತ್ತಿತ್ತು. ಮಗ ಕಳೆದುಹೋಗಿದ್ದಾನೆ ಎಂದು ಹೇಳಿ, ‘ಹೇಗಿತ್ತು?’ ಎಂದು ಕೇಳುವ ಅಪ್ಪನ ಹಾಗೆ.

“ಯಾರ ಕಡೆ ನೋಡ್ತಾರೆ?” ಎಂದಳು, ಗೊತ್ತಿದ್ದೂ.

“ಯಾರಾದ್ರೂ ಸರಿ. ಲೈಟ್ ಹಿಡಿದವರು, ಮೈಕ್ ಹಿಡಿದವರು. ಎಲ್ಲರನ್ನೂ ಕಪ್ಪು ಪರದೆ ಹಿಂದೆ ನಿಲ್ಲಿಸಿ ನೋಡ್ದೆ. ಪರದೆ ಕಡೆ ನೋಡಿದ್ರು.” ನಿರ್ದೇಶಕಿ ನಗಲಿಲ್ಲ. “ನಾನೆಷ್ಟು ಹೇಳಿದ್ರೂ ಅವರಿಗೇ ಗೊತ್ತಾಗ್ತಿಲ್ಲ. ನೋಡೇ ಇಲ್ಲ ಅಂತಾರೆ.”

ಅವಳಿಗೆ ಅರ್ಥವಾಯಿತು. ಟೈರ್ ಅಂಗಡಿಯ ಮೇಲೆ ಮೌನವೆಂದರೆ ಸೋಲು. ಇಲ್ಲಿ ಶುರುವಾಗುವುದೇ ‘ಸೈಲೆನ್ಸ್’ ಎಂಬ ಕೂಗಿನಿಂದ. ಯಾರೂ ನಗುವಂತಿಲ್ಲ, ಕೆಮ್ಮುವಂತಿಲ್ಲ, ಚಪ್ಪಲಿ ಎಳೆಯುವಂತಿಲ್ಲ. ಅಷ್ಟು ಜನರ ಮಧ್ಯೆ ಒಬ್ಬ ನಗಿಸುವವನನ್ನು ನಿಲ್ಲಿಸಿ ಉಸಿರು ಬಿಗಿಹಿಡಿದು ನೋಡಿದರೆ, ಪಾಪ, ಅವನು ತಾನು ಪೂರಾ ಮುಳುಗಿದೆ ಎಂದೇ ತಿಳಿಯುತ್ತಾನೆ.

“ನನಗೆ ಅವರೇ ಬೇಕು. ಆದ್ರೆ ನಿರ್ಮಾಪಕರು ಇನ್ನೊಬ್ಬರನ್ನ ಕರೆಸಿ ಈ ಯೂನಿಫಾರ್ಮಿಗೆ ಅಳತೆ ತಗೊಂಡಿದ್ದಾರೆ” ಎಂದರು ನಿರ್ದೇಶಕಿ, ಅದೇ ಮೆಲುದನಿಯಲ್ಲಿ. “ಸೋಮವಾರದ ದೃಶ್ಯ ನೋಡಿ ತೀರ್ಮಾನ ಮಾಡ್ತೀವಿ ಅಂದ್ರು. ನೀವೇನಾದ್ರೂ ಮಾಡಕ್ಕಾಗುತ್ತಾ?”

ಬಸ್ಸಿನಲ್ಲಿ ಮನೆಗೆ ಬರುವಾಗ ಅವಳಿಗೆ ಆ ಅಳತೆಯ ಟೇಪೇ ಕಣ್ಣ ಮುಂದೆ. ಯಾರದೋ ಭುಜ, ಯಾರದೋ ಎದೆ. ಅವನಿಗೆ ಹೇಳಲೇ, ಬೇಡವೇ? ಹೇಳಿದರೆ ಇನ್ನಷ್ಟು ಹೆದರುತ್ತಾನೆ. ಹೇಳದಿದ್ದರೆ ಸೋಮವಾರ ಗೊತ್ತಾಗುತ್ತದೆ. ಅವಳು ಹೇಳಲಿಲ್ಲ. ಕಣ್ಣಿನ ವಿಷಯ ಮಾತ್ರ ಹೇಳಿದಳು.

“ನಾನು ನೋಡ್ತೀನಾ?” ಎಂದ ಅವನು. ಎಂದು, ಅವಳ ಮುಖ ನೋಡಿದ.

ಅವಳ ಕೆಲಸ ಕಿವಿ ಪರೀಕ್ಷೆ. ಗಾಜಿನ ಕೋಣೆಯಲ್ಲಿ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸದ್ದು ಕೇಳಿಸುವುದು. ಕೇಳಿಸಿದಾಗ ಅವರು ಕೈಯೆತ್ತಬೇಕು. ಆದರೆ ಕಿವಿ ಮಂದವಾದವರು ಬಲು ಜಾಣರು. ಸದ್ದಿಗೆ ಕಾಯುವ ಬದಲು ಅವಳ ಮುಖಕ್ಕೇ ಕಾಯುತ್ತಾರೆ. ಅವಳ ಹುಬ್ಬು ಅಲುಗಿದರೆ ಕೈಯೆತ್ತಿಬಿಡುತ್ತಾರೆ. ಅದಕ್ಕೇ ಅವರನ್ನು ಆಚೆ ತಿರುಗಿಸಿ ಕೂರಿಸುವುದು. ತಿರುಗಲು ಒಪ್ಪದ ಹಿರಿಯರ ಮುಂದೆ ಅವಳು ಒಂದು ಮುಖ ಕಲಿತಿದ್ದಳು. ಯಾವುದಕ್ಕೂ ಅಲುಗದ, ಯಾವ ಸುಳಿವೂ ಕೊಡದ ಮುಖ. ಆ ಭಾನುವಾರ ಅದೇ ಮುಖವನ್ನು ಮನೆಗೆ ತಂದಳು.

ಮೊದಲು ಅವನನ್ನು ಗೋಡೆಗೆ ಮುಖ ಮಾಡಿ ಕೂರಿಸಿ ಹಿಂದೆ ಕೂತಳು. ಅವನು ಮಾತು ಮುಗಿಸಿ ಕುತ್ತಿಗೆ ತಿರುಗಿಸಿದ. “ತಿರುಗಿದ್ರಿ.” “ಇಲ್ಲ.” “ಮತ್ತೆ ನಿಮ್ಮ ಮೂಗು ನನಗೆ ಹೇಗ್ ಕಾಣ್ತಿದೆ?” ಒಳಗಿನಿಂದ ಅಮ್ಮ ಕಿಸಕ್ಕನೆ ನಕ್ಕರು. ಅವನು ಆ ಬಾಗಿಲ ಕಡೆಗೂ ನೋಡಿದ. ಅವಳು ಅತ್ತೆಯನ್ನು ಉಪಾಯವಾಗಿ ಪಕ್ಕದ ಮನೆಗೆ ಟಿವಿ ನೋಡಲು ಕಳಿಸಿ ಬಂದಳು. ಅತ್ತೆ ಎದುರಿಗಿದ್ದರೆ ಗಂಡನನ್ನು ‘ನೀವು’ ಎನ್ನಬೇಕು, ‘ನೀವು’ ಎನ್ನುತ್ತಾ ಸರಿಯಾಗಿ ಬೈಯಲು ಆಗುವುದಿಲ್ಲ.

“ಈಗ ಎದುರಿಗೆ ಕೂರು. ಏನ್ ಬೇಕಾದ್ರೂ ಹೇಳು, ನಾನು ಕಲ್ಲು. ನೋಡಿದ್ರೆ ಮೊದಲಿಂದ ಶುರು.”

ಅವನು ಡ್ರೈವರನ ಮಾತು ಹೇಳಿದ. ನೋಡಿದ. ಮತ್ತೆ ಹೇಳಿದ. ಮತ್ತೆ ನೋಡಿದ. ಸಿಟ್ಟಿಗೆದ್ದು ಹಳೆಯ ತಮಾಷೆಗಳನ್ನೆಲ್ಲ ಹೇಳಿದ, ಅವಳಿಗೆ ನಗು ತಡೆಯಲಾಗದೆ ಒಳಗಿನಿಂದ ಕೆನ್ನೆ ಕಚ್ಚಿಕೊಂಡಳು. “ನೀನೇನು ಹೆಂಡ್ತಿನಾ, ಬ್ಯಾಂಕಿನ ಕೌಂಟರಾ?” ಎಂದು ಬೈದ. ಬೈದು ನೋಡಿದ. ಎದ್ದು ಹೋದ, ನೀರು ಕುಡಿದ, ಬಂದ. ಅವಳು ಕೂತಲ್ಲೇ ಇದ್ದಳು. ಮುಖ ಕಲ್ಲಾಗಿತ್ತು, ತಲೆಯೊಳಗೆ ಮಾತ್ರ ಅದೇ ಚಿತ್ರ. ಯಾರದೋ ಭುಜ, ಯಾರದೋ ಎದೆ, ಟೇಪು. ಇವತ್ತೊಂದು ದಿನ ದೇವರೇ.

ಮಧ್ಯಾಹ್ನ ಜಾರುತ್ತಾ ಬಂತು. ಅವನು ಬೈಯುವುದನ್ನೂ ಬಿಟ್ಟ. ಬಹಳ ಹೊತ್ತು ತನ್ನ ಅಂಗೈ ನೋಡುತ್ತಾ ಕೂತ. ಆಮೇಲೆ ದನಿ ಏರಿಸದೆ, ಇಳಿಸದೆ ಹೇಳಿದ:

“ಗೇಟು ಕಂಡ ಕೂಡಲೇ ಬೆರಳು ಮರಗಟ್ಟುತ್ತೆ. ಮೊನ್ನೆ ಬಸ್ಸಿಂದ ಇಳೀಲೇ ಇಲ್ಲ. ಕೊನೇ ಸ್ಟಾಪಿನ ತನಕ ಹೋಗಿ, ಎಲ್ರೂ ಇಳಿದ ಮೇಲೂ ಸೀಟಲ್ಲೇ ಕೂತಿದ್ದೆ. ನನ್ ಕೈಲಿ ಆಗಲ್ಲ ಅನ್ಸುತ್ತೆ. ಬಿಟ್ಟುಬಿಡ್ಲಾ? ನೀನು ಬಿಡು ಅಂದ್ರೆ ಬಿಡ್ತೀನಿ.”

ಹೇಳಿ ಅಂಗೈಯನ್ನೇ ನೋಡುತ್ತಿದ್ದ. ತಲೆಯೆತ್ತಲಿಲ್ಲ.

ಅವಳು ಕಾದಳು. ಇನ್ನೂ ಕಾದಳು. ಕಣ್ಣು ಬರಲಿಲ್ಲ. ಅವಳು ಕುರ್ಚಿಯಿಂದ ಹಾರಿ ಎದ್ದು ಚಪ್ಪಾಳೆ ತಟ್ಟಿದಳು. “ನೋಡ್ಲಿಲ್ಲ! ನೋಡ್ಲೇ ಇಲ್ಲ ನೀನು! ಇದೇ, ಹೀಗೇ! ನಾಳೆನೂ ಹೀಗೇ ಮಾಡು!”

ಅವನು ಅಂಗೈ ಮುಚ್ಚಿಕೊಂಡ. “ಹೌದಾ? ಚೆನ್ನಾಗಿತ್ತಾ?” ಎಂದ.

“ಮೈ ಜುಮ್ಮಂತು ಕಣೋ.”

“ಸರಿ ಹಾಗಾದ್ರೆ” ಎಂದು ಎದ್ದು ಅಮ್ಮನನ್ನು ಕರೆತರಲು ಹೋದ. ಅವಳು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದಳು.

ಸೋಮವಾರ ಅವಳು ರಜೆ ಹಾಕಿ ಅವನ ಜೊತೆಗೇ ಹೋದಳು. ನಿರ್ಮಾಪಕರು ತೋಳು ಕಟ್ಟಿಕೊಂಡು ನಿಂತಿದ್ದರು. ದೃಶ್ಯ ಸಣ್ಣದು. ಡ್ರೈವರ್ ಮನೆಗೆ ಬಂದು ಹೆಂಡತಿಗೆ ಹೇಳಬೇಕು, ಮಗನಂಥವನನ್ನು ಸ್ಟಾಪಿನಲ್ಲಿ ಕಂಡೆ, ಬಾಗಿಲು ತೆಗೆಯುವಷ್ಟರಲ್ಲಿ ಜನರಲ್ಲಿ ಸೇರಿಹೋದ, ಎಂದು. ಹೆಂಡತಿಯ ಪಾತ್ರದಾಕೆ ಸೋಫಾದ ಮೇಲೆ ಕೂತಿದ್ದಳು. ‘ಸೈಲೆನ್ಸ್’ ಎಂದು ಯಾರೋ ಕೂಗಿದರು. ಕ್ಯಾಮೆರಾದ ಹಿಂದೆ ಕತ್ತಲಲ್ಲಿ ನಿಂತಿದ್ದ ಅವಳು ಉಗುರಿನಿಂದ ಅಂಗೈ ಒತ್ತಿ ಹಿಡಿದಳು.

ಅವನು ಹೇಳಿದ. ಹೇಳಿ ಮುಗಿಸಿದ. ಕಣ್ಣು ಎಲ್ಲೂ ಹೋಗಲಿಲ್ಲ. ಮಗನಿಲ್ಲದ ಮನೆಯಲ್ಲಿ ಒಬ್ಬ ಅಪ್ಪ ನಿಂತಿದ್ದ, ಅಷ್ಟೆ. ‘ಕಟ್’ ಎಂದ ಮೇಲೆ ಲೈಟಿನವರು ಕೂಡ ಚಪ್ಪಾಳೆ ಹೊಡೆದರು. ನಿರ್ಮಾಪಕರು ಕಟ್ಟಿದ ತೋಳು ಬಿಚ್ಚಿ, ನಿರ್ದೇಶಕಿಗೆ ತಲೆಯಾಡಿಸಿ, ಫೋನ್ ಕಿವಿಗಿಟ್ಟುಕೊಂಡು ಹೊರಗೆ ನಡೆದರು. ಇನ್ನೊಬ್ಬನಿಗೆ ಬೇಡ ಎಂದು ಹೇಳಲು ಎಂದು ಅವಳಿಗೆ ಹೊಳೆದು, ಕಣ್ಣು ತುಂಬಿ ಬಂತು. ಅವನು ಯಾರ ಚಪ್ಪಾಳೆಯ ಕಡೆಗೂ ತಿರುಗಲಿಲ್ಲ. ಅವಳ ಕಡೆಗೂ.

ಸಂಭ್ರಮದಲ್ಲಿ ಮನುಷ್ಯರ ಬಾಯಿ ಸಡಿಲವಾಗುತ್ತದೆ. ಅವಳು ನಿರ್ದೇಶಕಿಯ ಪಕ್ಕದಲ್ಲಿ ಕೂತು, “ಆ ಕೊನೇ ಸ್ಟಾಪಿನ ಮಾತು ಯಾವಾಗ ತೆಗೀತೀರಾ? ಮನೇಲಿ ಅದನ್ನ ಇದಕ್ಕಿಂತ ಚೆನ್ನಾಗಿ ಹೇಳಿದ್ರು” ಎಂದಳು.

“ಯಾವ ಮಾತು?”

“ಅದೇ, ಬೆರಳು ಮರಗಟ್ಟುತ್ತೆ, ಬಸ್ಸಿಂದ ಇಳೀಲೇ ಇಲ್ಲ, ಬಿಟ್ಟುಬಿಡ್ಲಾ ಅಂತ ಹೆಂಡ್ತಿನ ಕೇಳ್ತಾನಲ್ಲ.”

ನಿರ್ದೇಶಕಿ ಹುಬ್ಬುಗಂಟಿಕ್ಕಿ ಯೋಚಿಸಿದರು. “ಅಂಥದ್ದಿಲ್ಲ. ನಮ್ಮ ಡ್ರೈವರ್ ಕೊನೇ ತನಕ ಬಿಡ್ತೀನಿ ಅನ್ನೋದೇ ಇಲ್ಲ.” ಆಮೇಲೆ ಅವರ ಮುಖ ಅರಳಿತು. “ಆದ್ರೆ ಅನ್ಬೇಕಲ್ವಾ? ಒಂದ್ಸಲನಾದ್ರೂ ಅನ್ಬೇಕು. ಅವರೇ ಸೇರಿಸಿದ್ರಾ? ಎಷ್ಟ್ ಚೆನ್ನಾಗಿದೆ! ಲೈಟ್ ಹಾಗೇ ಇದೆ, ಈಗ್ಲೇ ತೆಗೆದುಬಿಡೋಣ.”

ಅಂದರೆ ಅದು ಸಿನಿಮಾದ ಮಾತೇ ಅಲ್ಲ. ಬೇಡ ಎನ್ನಲು ಬಾಯಿ ತೆರೆದಳು. ಏನೆಂದು ಹೇಳುವುದು? ಅದು ಡ್ರೈವರನ ಮಾತಲ್ಲ, ನನ್ನ ಗಂಡನದು, ಅವನಿಗೆ ನಿಮ್ಮ ಗೇಟು ಕಂಡರೆ ಕೈ ಮರಗಟ್ಟುತ್ತದೆ ಎಂದೇ? ಬಾಗಿಲಾಚೆ ನಿರ್ಮಾಪಕರ ಫೋನ್ ಇನ್ನೂ ಕಿವಿಯಲ್ಲೇ ಇತ್ತು, ಆ ಇನ್ನೊಬ್ಬನನ್ನು ಮತ್ತೆ ಕರೆಸಲು ಒಂದು ಮಾತು ಸಾಕಿತ್ತು. ಅಷ್ಟರಲ್ಲಿ ನಿರ್ದೇಶಕಿ ಎದ್ದು ಹೋಗಿ ಅವನ ಹತ್ತಿರ ಮಾತಾಡುತ್ತಿದ್ದರು, ಇವಳ ಕಡೆ ಕೈ ತೋರಿಸುತ್ತ. ಅವನು ಕೇಳಿಸಿಕೊಂಡ. ಖಾಕಿ ಅಂಗಿಯ ಗುಂಡಿ ಸರಿಮಾಡಿಕೊಂಡ. “ಆಯ್ತು ಮೇಡಂ” ಎಂದದ್ದು ಇಲ್ಲಿಗೂ ಕೇಳಿಸಿತು.

ಹತ್ತಾರು ವರ್ಷ ಅವನ ನೋಟವನ್ನು ಓದಿದವಳು, ನೋಡದಿದ್ದರೆ ನಿಜ ಎಂದು ಪ್ರಮಾಣ ಮಾಡಿ ಹೇಳಬಲ್ಲವಳು, ಅವನು ನೋಡದೆ ಹೇಳಿದ ಮಾತಿಗೆ ಚಪ್ಪಾಳೆ ಹೊಡೆದಿದ್ದಳು. ಬಿಟ್ಟುಬಿಡ್ಲಾ ಎಂದು ಅವನು ಕೇಳಿದ್ದ, ಅವಳು ‘ಹೀಗೇ ಮಾಡು’ ಎಂದಿದ್ದಳು. ಅದನ್ನೇ ಉತ್ತರವೆಂದು ತೆಗೆದುಕೊಂಡು ಅವನು ಬೆಳಿಗ್ಗೆ ಎದ್ದು, ಗಡ್ಡ ಬೋಳಿಸಿಕೊಂಡು, ಅವಳ ಜೊತೆ ಈ ಗೇಟಿನೊಳಗೆ ಬಂದಿದ್ದ. ದಾರಿಯುದ್ದಕ್ಕೂ ಎರಡೂ ಕೈ ಜೇಬಿನಲ್ಲೇ ಇದ್ದವು.

‘ಸೈಲೆನ್ಸ್.’

ಅವನು ಸೋಫಾದ ಮುಂದೆ ನಿಂತ. ಹೆಂಡತಿಯ ಪಾತ್ರದಾಕೆ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ಆಕೆಗೆ ಮಾತಿರಲಿಲ್ಲ, ಸುಮ್ಮನೆ ಕೇಳಿಸಿಕೊಳ್ಳಬೇಕಿತ್ತು.

“ಗೇಟು ಕಂಡ ಕೂಡಲೇ ಬೆರಳು ಮರಗಟ್ಟುತ್ತೆ” ಎಂದ. ಡಿಪೋದ ಗೇಟು ಎಂದು ಸಿನಿಮಾ ನೋಡುವವರು ತಿಳಿಯುತ್ತಾರೆ. “ಮೊನ್ನೆ ಬಸ್ಸಿಂದ ಇಳೀಲೇ ಇಲ್ಲ.” ಒಂದೊಂದೇ ಮಾತು, ನಿನ್ನೆ ಹೇಳಿದ ಹಾಗೆಯೇ. ಸುತ್ತ ನಿಂತವರೆಲ್ಲ ಉಸಿರು ಬಿಗಿಹಿಡಿದಿದ್ದರು. “ನನ್ ಕೈಲಿ ಆಗಲ್ಲ ಅನ್ಸುತ್ತೆ. ಬಿಟ್ಟುಬಿಡ್ಲಾ? ನೀನು ಬಿಡು ಅಂದ್ರೆ ಬಿಡ್ತೀನಿ.”

“ಬಿಡು” ಎಂದಳು ಅವಳು.

ಕತ್ತಲಿನಿಂದ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. ಸದ್ದು ಹಿಡಿಯುವಾತ ಹೆಡ್‌ಫೋನ್ ಕಿತ್ತು ತಿರುಗಿದ. ಯಾರೋ ಒಬ್ಬರು ಕಿಸಕ್ಕೆಂದರು, ಆ ಕಿಸಕ್ ಇನ್ನೊಬ್ಬರಿಗೆ ಹಬ್ಬಿ, ನೋಡನೋಡುತ್ತ ಇಡೀ ಗೋಡೌನೇ ನಕ್ಕುಬಿಟ್ಟಿತು. ಸೋಫಾದ ಮೇಲಿನಾಕೆ ಕೂಡ ಬಾಯಿಗೆ ಕೈ ಅಡ್ಡ ಹಿಡಿದಳು. “ಕಟ್, ಕಟ್” ಎಂದರು ನಿರ್ದೇಶಕಿ.

ಅಷ್ಟು ಜನ ನಗುತ್ತಿದ್ದರೂ ಅವನು ಅವರ ಕಡೆ ನೋಡಲಿಲ್ಲ. ಲೈಟಿಗೆ ಅಡ್ಡ ಕೈ ಹಿಡಿದು ಕತ್ತಲಲ್ಲಿ ಅವಳನ್ನು ಹುಡುಕಿದ.

“ತಮಾಷೆ ಮಾಡ್ತಿದೀಯಾ?” ಎಂದ.

“ಇಲ್ಲ.”

“ಗೊಂಬೆಯವಳಿಗೆ ಶನಿವಾರ...”

“ಗೊತ್ತು. ಬಿಡು ಅಂದ್ನಲ್ಲ.”

ನಗು ಒಂದೊಂದಾಗಿ ನಿಂತಿತು. ನಿರ್ದೇಶಕಿ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಅವಳು ವೈರುಗಳನ್ನು ದಾಟಿ, ಪ್ಲೈವುಡ್ಡಿನ ಮನೆಯೊಳಗೆ ಹೋಗಿ, ಖಾಕಿ ತೋಳಿನ ತುದಿಯಲ್ಲಿದ್ದ ಅವನ ಎರಡೂ ಕೈ ಹಿಡಿದುಕೊಂಡಳು. ಮಂಜುಗಡ್ಡೆಯ ಹಾಗಿದ್ದವು. ಅವಳು ಒತ್ತಿದ್ದು ಕೂಡ ಆ ಬೆರಳುಗಳಿಗೆ ಗೊತ್ತಾದಂತೆ ಕಾಣಲಿಲ್ಲ. ಅವಳು ಅಲ್ಲೇ ನಿಂತು ಅವನ್ನು ಉಜ್ಜತೊಡಗಿದಳು.